ಅವ್ವ ಕರೆದ ಹೆಸರು

ಕಣ್ಣಾರೆ ಕಾಣದ್ದನ್ನು ನಾನು ನಂಬಿದವನಲ್ಲ. ಪತ್ರಿಕೆಯ ಕೆಲಸ ಆ ಅಭ್ಯಾಸವನ್ನು ಇನ್ನಷ್ಟು ಗಟ್ಟಿ ಮಾಡಿತು. ನೀವು ನಗಬಹುದು, ಆದರೆ ಪ್ಲೇಗಿನ ಕಾಲದ ಒಂದು ದಿನ ಮಾತ್ರ ನನ್ನ ಲೆಕ್ಕಕ್ಕೆ ಇಂದಿಗೂ ಸಿಕ್ಕಿಲ್ಲ.

ಆ ವರ್ಷ ಚಳ್ಳಕೆರೆಯ ಜನ ಊರು ಬಿಟ್ಟು ಹೊಲಗಳಲ್ಲಿ ಗುಡಿಸಲು ಹಾಕಿದ್ದರು. ನಾನಾಗ ಪ್ರಾಯದವನು. ಜೋಳದ ದಂಟಿನ ಗೋಡೆ, ಹೊಸ ಕಂಬಳಿಯ ವಾಸನೆ, ಒಂದೇ ಒಲೆಯ ಸುತ್ತ ನೆರೆಹೊರೆಯವರ ಹರಟೆ. ಭಯದ ನಡುವೆಯೂ ಆ ದಿನಗಳು ಯಾಕೋ ಹಿತವಾಗಿಯೇ ನೆನಪಾಗುತ್ತವೆ.

ಆಗಲೇ ಅವ್ವನ ಕಂಕುಳಲ್ಲಿ ಗಡ್ಡೆ ಎದ್ದಿತು. ಹಾಗಾದವರು ಉಳಿದದ್ದನ್ನು ನಾವು ಕಂಡಿರಲಿಲ್ಲ. ಅಪ್ಪ ಮಾರವ್ವನಿಗೆ ಕೋಣದ ಹರಕೆ ಹೊತ್ತ. ಅವ್ವ ಬೆಳಗಿನಿಂದ "ಮಾರವ್ವಾ, ಬಾರವ್ವಾ" ಎಂದು ಕನವರಿಸುತ್ತಿದ್ದಳು. ಬಾಯಿಗೆ ಕಿವಿ ಹಚ್ಚಿದರಷ್ಟೇ ಕೇಳುವ ದನಿ.

ಬಿಸಿಲು ಇಳಿಯುವ ಹೊತ್ತಿಗೆ ಗಾಡಿಯೊಂದರಿಂದ ಅಪರಿಚಿತ ಮುದುಕಿ ಇಳಿದು ನೆಟ್ಟಗೆ ನಮ್ಮ ಗುಡಿಸಲಿಗೇ ಬಂದಳು.

"ಯಾರವ್ವಾ ನೀನು?" ಅಂದ ಅಪ್ಪ.

"ಮರಿಯಮ್ಮ. ನನ್ನ ಕರೆದ್ರಲ್ಲ?"

ಅಪ್ಪನ ಕೈಯ ಗಂಜಿ ಮಡಕೆ ಬಿತ್ತು. ಅವನೂ ಅಡ್ಡಬಿದ್ದ. "ಕೋಣ ಕೊಡ್ತೀನಿ ತಾಯಿ, ನಮ್ಮಾಕೀನ ಬಿಟ್ಬಿಡು!"

ಮುದುಕಿ ನಕ್ಕಳು. "ಏಳು ನಾಯನಾ! ಆ ಮಾರಿ ನಾನಲ್ಲ. ಮೊಳಕಾಲ್ಮೂರಿನ ನೇಕಾರಾಕಿ, ಯೇಸುಸ್ವಾಮಿ ಮತದಾಕಿ. ಕೋಣ ತಗೊಂಡು ಮಗ್ಗಕ್ಕೆ ಕಟ್ಲಾ?"

ಅವ್ವನ ಹಣೆಯ ಮೇಲೆ ಕೈಯಿಟ್ಟು ತೆಲುಗಿನಲ್ಲಿ ಪ್ರಾರ್ಥಿಸಿದಳು. ಅವ್ವ ಕಣ್ಣು ಬಿಟ್ಟು, "ಏನ್ ಕೊಡ್ಬೇಕು?" ಎಂದಳು.

"ಏನೂ ಬ್ಯಾಡ. ಸ್ವಾಮಿ ಊರಕೇ ಇಸ್ತಾಡು."

ತೆಲುಗು ಬಾರದ ಅವ್ವನಿಗೆ ನಾನೇ ಹೇಳಿದೆ: "ಸುಮ್ಮನೆ ಕೊಡ್ತಾನಂತೆ."

"ಸುಮ್ಮನೇನಾ?" ಎಂದು ಅವ್ವ ಅತ್ತಳು.

ಗಡ್ಡೆ ಒಡೆಯಿತು. ಅವ್ವ ಉಳಿದಳು. ಹಾಗೆ ಉಳಿದವರು ಬೇರೆಯವರೂ ಇದ್ದಾರೆಂದು ವೈದ್ಯರು ಆಮೇಲೆ ಹೇಳಿದರು; ಅದಕ್ಕೆ ನನ್ನ ತಕರಾರಿಲ್ಲ. ಆದರೆ ಗಾಡಿಯವನನ್ನು ವಿಚಾರಿಸಿದ್ದೆ. ಮುದುಕಿ ಅಂದು ಬೆಳಿಗ್ಗೆ ಹರದಾರಿಗಟ್ಟಲೆ ದೂರದ ತಳಕು ಊರಿನಲ್ಲಿ ಅವನ ಗಾಡಿ ನಿಲ್ಲಿಸಿ, "ಯಾರೋ ನನ್ನ ಹೆಸರು ಹಿಡಿದು ಕರೀತಾರೆ" ಎಂದು ಹತ್ತಿದ್ದಳಂತೆ. ತಳಕು ಎಲ್ಲಿ, ನಮ್ಮ ಹೊಲ ಎಲ್ಲಿ!

ಅಪ್ಪ ಕೋಣ ತರಲು ಹೊರಟಾಗ ಅವ್ವ ತಡೆದಳು. "ಸುಮ್ಮನೆ ಕೊಟ್ಟೋನಿಗೆ ಕೂಲಿ ಕೊಡ್ತೀರಾ?" ಸಾಯುವವರೆಗೂ ಆ ಸ್ವಾಮಿಯ ಮೇಲಿನ ಅವಳ ನಂಬಿಕೆ ಅಲುಗಲಿಲ್ಲ. ನಂಬಿಕೆಯನ್ನೂ ಸ್ವಾಮಿ ಸುಮ್ಮನೆಯೇ ಕೊಡುತ್ತಾನೆಂದು, ಆಮೇಲೂ ಆಗಾಗ ಬಂದುಹೋಗುತ್ತಿದ್ದ ಮರಿಯಮ್ಮ ಹೇಳುತ್ತಿದ್ದಳು. ನಾನು ಎಷ್ಟೋ ವರ್ಷ ಕಾದೆ, ನನಗೆ ಅದು ಬರಲಿಲ್ಲ. ಅಂದು ಅದೇ ಗುಡಿಸಲಿನಲ್ಲಿ, ಅವ್ವನ ಪಕ್ಕದಲ್ಲೇ, ನಾನೂ ಕೂತಿದ್ದೆ.