ಗಣಿಕೆ ಗಿಡ ಹೇಳದ ಮಾತು

ಭಾನುವಾರ, ಬೆಳಿಗ್ಗೆ ಆರು ಗಂಟೆ. ಪಾಂಡವಪುರದ ನಮ್ಮ ಅಡುಗೆಮನೆಯಲ್ಲಿ ಇದ್ದವರು ನಾನು, ಸೊಸೆ ಸವಿತ, ಹಿಂದಿನ ಸಂಜೆ ದೇವಲಾಪುರದಿಂದ ಬಂದಿಳಿದ ನನ್ನ ತಂಗಿ ಜಯ. ಅವಳು ತಂದಿದ್ದ ಬೆರಕೆ ಸೊಪ್ಪನ್ನು ನೆಲಕ್ಕೆ ಸುರಿದಳು. ಅಣ್ಣೆ, ಗಣಿಕೆ, ಕೀರೆ, ಎಲ್ಲವೂ ಬೇರು ಸಮೇತ. ಹಸಿ ಮಣ್ಣಿನ ವಾಸನೆ ಎದ್ದಿತು. ಜೊತೆಗೆ ನನ್ನ ಹೊಟ್ಟೆಯ ಹಳೆಯ ಉರಿಯೂ.

ನೀವು ನಗಬಹುದು. ಮಳೆ ಬಿದ್ದು ನಾಲ್ಕು ದಿನ ಕಳೆದರೆ ಅವ್ವ ನಮ್ಮಿಬ್ಬರನ್ನೂ ಸೊಪ್ಪಿಗೆ ಅಟ್ಟುತ್ತಿದ್ದಳು. ನಾನು ಕುಡಿ ಮಾತ್ರ ಚಿವುಟಿ, ಒಂದೊಂದು ಜಾತಿಯನ್ನೂ ಬೇರೆ ಮಾಡಿ, ತೊಳೆದು ಇಡುತ್ತಿದ್ದೆ. ಜಯ ಕಿತ್ತು ತಂದು ಗುಡ್ಡೆ ಹಾಕುತ್ತಿದ್ದಳು. ಅಪ್ಪ ಬಂದು ಕೂರುತ್ತಿದ್ದುದು ಆ ಗುಡ್ಡೆಯ ಮುಂದೆ.

"ಈ ಅಣ್ಣೆ ಎಲ್ಲಿ ಸಿಕ್ತವ್ವ? ಬೇರು ಎಷ್ಟುದ್ದ ಬಂದೈತೆ! ಅಲ್ಲಿ ಮಣ್ಣು ಸಡ್ಲ ಕಣೆ."

ರಾಗಿ ಪೈರು ಎಬ್ಬಿಸುವ ಒಟ್ಲು ಪಾತಿಯನ್ನು ಎಲ್ಲಿ ಹಾಕಬೇಕೆಂದು ಕೇಳುತ್ತಿದ್ದುದೂ ಅವಳನ್ನೇ. ಜೇಕು ಹುಲ್ಲು ಹಬ್ಬಿದರೆ ನೀರು ನಿಲ್ಲುವ ಜಾಗ, ತಂಗಡಿ ಗಿಡ ಬೆಳೆದರೆ ಗರಸುಕಲ್ಲಿನ ನೆಲ ಎಂದು ನನಗೂ ಗೊತ್ತಿತ್ತು. ಆದರೆ ನನ್ನ ಸೊಪ್ಪು ನೇರ ಸಾರಿಗೆ ಹೋಗುತ್ತಿತ್ತು.

ಈಗ ಸವಿತ ಬಾಳೆ ಹಾಕಬೇಕೆಂದಿದ್ದಾಳೆ. ನನ್ನ ಮಗ ಹೊಲದ ದಾರಿಯನ್ನೇ ಮರೆತವನು, ಬೇಸಾಯ ಅವಳದೇ. ನಾನು ಮನೆಯಲ್ಲೇ ಇರುವಾಗ ಜಾಗ ತೋರಿಸಲು ಜಯಳಿಗೆ ಫೋನು ಮಾಡಿ ಕರೆಸಿದ್ದಳು. ನಾನೂ ಸುಮ್ಮನಿರಲಿಲ್ಲ. ಎದ್ದ ಕೂಡಲೇ ತಂಗಿಯ ಸೀರೆ ಮಡಿಚಿ, ಸಂಜೆಯ ಬಸ್ಸಿಗೆಂದು ಅವಳ ಬ್ಯಾಗನ್ನು ಬಾಗಿಲ ಬಳಿ ಇಟ್ಟಿದ್ದೆ.

ಕಾಫಿ ಮುಗಿಸಿ ಮೂವರೂ ಹೊಲಕ್ಕೆ ಹೋದೆವು. ತಗ್ಗಿನಲ್ಲಿ ಜೇಕು ಕಂಡು ಜಯ ಮುಂದೆ ನಡೆದಳು. ಮೇಲಿನ ಮೂಲೆಯಲ್ಲಿ ಗಣಿಕೆ ಸೊಂಪಾಗಿ ಎದ್ದಿತ್ತು.

"ಇಲ್ಲೇ ಆಕು ಕಣವ್ವ ಸವಿತ. ಗಣಿಕೆ ಇಂಗೆ ಎದ್ದೈತೆ ಅಂದ್ರೆ ನೆಲ ಒಟ್ಟೆ ತುಂಬ ಉಂಡೈತೆ."

ಸವಿತ ಸೆರಗು ಸಿಕ್ಕಿಸಿ ಗೂಟ ನೆಡಲು ಬಗ್ಗಿದಳು. ನನಗೆ ಎಂಥ ಆನಂದವಾಯಿತೆಂದು ಹೇಳಲಾರೆ. ಸವಿತ ಮದುವೆಯಾಗಿ ಬರುವ ಮುಂಚೆ ಅಲ್ಲಿ ನಮ್ಮ ತಿಪ್ಪೆ ಇತ್ತು. ಗಣಿಕೆ ಉಂಡದ್ದು ಗೊಬ್ಬರವನ್ನು, ನೆಲವನ್ನಲ್ಲ. ತಿಪ್ಪೆಗೂ ಮುಂಚೆ ಅಲ್ಲಿದ್ದದ್ದು ಬರೀ ತಂಗಡಿ. ತಂಗಿ ತಪ್ಪಿದ್ದಳು! ಬಾಳೆ ಸೊರಗಲಿ, ಆಗ ಗೊತ್ತಾಗುತ್ತದೆ ಎಂದು ತುಟಿ ಬಿಗಿದೆ.

ಅಷ್ಟರಲ್ಲಿ ಜಯ ತಿರುಗಿದಳು. "ಅಕ್ಕ, ನೀ ಯಾಕೆ ಸುಮ್ಕಿದ್ದೀಯೆ? ಇಲ್ಲಿ ಮೊದ್ಲೇನಿತ್ತು?"

ಇಷ್ಟು ವರ್ಷ ಕಾದಿದ್ದ ಪ್ರಶ್ನೆ. ಕೇಳಿದವಳು ಅವಳೇ ಆಗಬೇಕೆ! "ತಿಪ್ಪೆ," ಎಂದೆ. "ಕೆಳಗೆಲ್ಲ ಗರಸು. ಒಂದು ಗುದ್ದಲಿ ಹಾಕಿ ನೋಡಿ."

ಸವಿತ ಅಗೆದಳು. ಮೇಲೆ ಒಂದಿಷ್ಟು ಕಪ್ಪು ಮಣ್ಣು, ಆಮೇಲೆ ಗುದ್ದಲಿ ಖಣಖಣ ಅಂದಿತು. ಜಯ ನಗುತ್ತ ಕೂತೇಬಿಟ್ಟಳು. "ಅಯ್ಯೋ, ತಿಪ್ಪೆ ಮ್ಯಾಲಿನ ಗಣಿಕೆ ನಂಬ್ಕಂಡು ಕೆಟ್ಟಿದ್ದೆ ಕಣಕ್ಕ! ಗಿಡಕ್ಕೆ ಈವತ್ತಿಂದು ಗೊತ್ತು. ಮೊದ್ಲಿಂದು ನಿನ್ನೇ ಕೇಳ್ಬೇಕು."

ನೋಡಿ, ಸೋತಾಗಲೂ ಒಳ್ಳೆಯ ಮಾತು ಅವಳ ಬಾಯಿಗೇ ಬರುತ್ತದೆ.

"ಅಂಗಾದ್ರೆ ಬಾಳೆ ಎಲ್ಲಿ ಅತ್ತೆ?" ಎಂದಳು ಸವಿತ, ನನ್ನ ಮುಖ ನೋಡುತ್ತ.

"ನಡುವಿನ ಪಟ್ಟೆಯಲ್ಲಿ ಅಣ್ಣೆ ಇದೆ. ನಾಳೆ ಆರು ಗಂಟೆಗೆ ಕಿತ್ತು ಬೇರು ನೋಡೋಣ. ನಿನ್ನ ಚಿಕ್ಕತ್ತೆಯೂ ಇರಲಿ."

ಮಧ್ಯಾಹ್ನ ಬೆರಕೆ ಸೊಪ್ಪಿನ ಸಾರು ಮಾಡಿದೆ. ಕತ್ತರಿಸಿದ ಬೇರುಗಳನ್ನು ಎಸೆಯುವ ಮುಂಚೆ ಒಂದೊಂದನ್ನೂ ತಿರುಗಿಸಿ ನೋಡಿದೆ. ಸಂಜೆ ಬಸ್ಸಿನ ಹೊತ್ತಿಗೆ ಬಾಗಿಲ ಬಳಿಯ ಬ್ಯಾಗನ್ನು ಒಳಗೆ ತಂದು, ನನ್ನ ಕೋಣೆಯ ಮೊಳೆಗೆ ತೂಗುಹಾಕಿದೆ.