ಹುರುಳಿಯೂ ಗೌರಿ ಬಾಗಿನವೂ

ಗಿರಿಧರನ ಹೆಸರು ಕೇಳಿದರೆ ನನಗೆ ಇವತ್ತಿಗೂ ಮೈ ಉರಿಯುತ್ತದೆ. ಮೋಸ ಹೋದವಳು ನಾನಲ್ಲ, ವಡೋದರಾದ ಮಂಜಲ್‌ಪುರದಲ್ಲಿ ನಮ್ಮ ಎದುರು ಮನೆಯಲ್ಲಿದ್ದ ಇಂದುಮತಿ.

ತುಮಕೂರಿನ ಕಡೆಯವಳು. ಗಂಡನಿಗೆ ಬ್ಯಾಂಕಿನಲ್ಲಿ ವರ್ಗವಾಗಿ ತೊಂಬತ್ತೆರಡರಲ್ಲಿ ವಡೋದರಾಕ್ಕೆ ಬಂದಳು, ಒಂದು ಪ್ರಯೋಗಾಲಯದಲ್ಲಿ ಪಿಎಚ್‌.ಡಿ.ಗೆ ಸೇರಿದಳು. ಗೈಡು ಹಾಸನದ ಗಿರಿಧರ. ಅಣ್ಣತಮ್ಮಂದಿರಿಲ್ಲದ ಇವಳಿಗೆ ಗೌರಿ ಹಬ್ಬಕ್ಕೆ ತವರಿನ ಬಾಗಿನ ತರುವವರಿಲ್ಲವೆಂದು ತಿಳಿದು, ಮೊದಲ ವರ್ಷವೇ ಮೊರದಲ್ಲಿ ಸೀರೆ, ಬಳೆ ಇಟ್ಟುಕೊಂಡು ಬಂದ. "ಇನ್ಮೇಲೆ ನಾನೇ ನಿನ್ನ ಅಣ್ಣ ಕಣಮ್ಮಾ" ಅಂದ. ಅವಳು ಕಾಲಿಗೆ ನಮಸ್ಕರಿಸಿದಳು. ಅಂದಿನಿಂದ ಲ್ಯಾಬಿನಲ್ಲೂ ಅವನು ಅಣ್ಣನೇ.

ಅವಳ ಕೆಲಸ ಇಲಿಯ ಭ್ರೂಣದ ಕಾಂಡಕೋಶಗಳ ಮೇಲೆ. ನರವಾಗಬೇಕೋ ಹೃದಯವಾಗಬೇಕೋ ಇನ್ನೂ ತೀರ್ಮಾನವಾಗದ ಕೋಶಗಳು. ಅವುಗಳ ಮೈಮೇಲೆಲ್ಲ ಸಕ್ಕರೆಯ ಸಣ್ಣ ಸರಪಳಿಗಳಿರುತ್ತವಂತೆ. ಕೋಶ ಒಂದು ದಾರಿ ಹಿಡಿದರೆ ಸಕ್ಕರೆಯೂ ಬದಲಾಗುತ್ತದೆ. ಅದನ್ನು ಪತ್ತೆಹಚ್ಚಲು ಹುರುಳಿಕಾಳಿನ ಒಂದು ಪ್ರೋಟೀನು ಬೇಕು. ತನಗೆ ಒಗ್ಗುವ ಸಕ್ಕರೆ ಇದ್ದ ಕಡೆ ಮಾತ್ರ ಅದು ಅಂಟಿಕೊಳ್ಳುತ್ತದೆ. ವಿದೇಶದಿಂದ ಬರಬೇಕಾದ ಅದರ ಸೀಸೆ ತಡವಾದಾಗ, ಸಾರಿಗೆಂದು ಅಮ್ಮ ಕಳಿಸಿದ್ದ ಹುರುಳಿಯನ್ನೇ ಬೇಯಿಸದೆ ಬೀಸಿ ಇಂದುಮತಿ ಆ ಪ್ರೋಟೀನನ್ನು ತೆಗೆದಳು. ಭಾನುವಾರವನ್ನೂ ಬಿಡದೆ ದುಡಿದು ಒಂದು ಸಂಗತಿ ಕಂಡುಕೊಂಡಳು: ಕೋಶ ನರವಾಗಲು ಹೊರಟಿದೆಯೆಂದು ಬೇರೆ ಯಾವ ಗುರುತೂ ಸಿಗುವ ಮೊದಲೇ ಹೊರಗಿನ ಸಕ್ಕರೆ ಬದಲಾಗಿರುತ್ತದೆ. ಅವಳ ಪಿಎಚ್‌.ಡಿ. ನಿಂತಿದ್ದೇ ಅದರ ಮೇಲೆ.

"ನಿನ್ನ ಹೆಸರು ಹಾಕ್ತಾರೆ ತಾನೆ? ಕೇಳಿದ್ದೀಯಾ?" ಎಂದೆ ಒಮ್ಮೆ.

"ಅಣ್ಣನ್ನ ಹೋಗಿ ಅದೆಲ್ಲ ಕೇಳೋಕಾಗುತ್ತಾ ಅಕ್ಕಾ?" ಎಂದು ನಕ್ಕಳು.

ತೊಂಬತ್ತಾರರಲ್ಲಿ ಅಹಮದಾಬಾದಿನ ಸಮ್ಮೇಳನಕ್ಕೆ ಇಬ್ಬರೂ ಹೋದರು. ಪರದೆಯ ಮೇಲೆ ಇದ್ದದ್ದು ಒಂದೇ ಹೆಸರು, ಗಿರಿಧರನದು. ಹುರುಳಿಯ ಯೋಚನೆ ಹೇಗೆ ಬಂತೆಂದು ಯಾರೋ ಕೇಳಿದರೆ, ತನ್ನ ತಾಯಿಯ ಅಡುಗೆಮನೆಯಿಂದ ಎಂದು ಹೇಳಿ ಸಭೆಯನ್ನು ನಗಿಸಿದನಂತೆ. ಹೊರಗೆ ಬಂದ ಮೇಲೆ ಇವಳು ಕೇಳಿದಳು: "ಅಣ್ಣಾ, ಅದು ನನ್ನ ಕೆಲಸ ಅಲ್ವಾ?"

"ಅಯ್ಯೋ ಹುಚ್ಚಿ, ಅಣ್ಣ ತಂಗಿ ಮಧ್ಯೆ ನಿಂದು ನಂದು ಅಂತ ಏನಮ್ಮಾ? ನಿಂಗೆ ಬೇರೆ ಟಾಪಿಕ್ ಕೊಡ್ತೀನಿ ಬಿಡು."

ನಾಲ್ಕು ವರ್ಷದ ದುಡಿಮೆ ಅಲ್ಲಿಗೆ ಮುಗಿಯಿತು. ಮನೆಗೆ ಬಂದು ನನ್ನ ಹೆಗಲಿಗೆ ಒರಗಿ ಅತ್ತಳು. ಪದವಿ ಹೋಯಿತೆಂದಲ್ಲ. "ತವರೇ ಹೋಯ್ತು ಅಕ್ಕಾ" ಎಂದು.

ಆ ವರ್ಷವೂ ಗೌರಿ ಹಬ್ಬಕ್ಕೆ ಆ ಮನುಷ್ಯ ಬಂದ! ಅದೇ ಮೊರ, ಅದೇ ನಗು. ಕೋಶವಾದರೂ ದಾರಿ ಬದಲಿಸಿದರೆ ಮೈಮೇಲೆ ತೋರಿಸಿಕೊಳ್ಳುತ್ತದೆ. ಇವನಲ್ಲಿ ಅದೂ ಇರಲಿಲ್ಲ. ಪೂಜೆಗೆಂದು ಹೋಗಿದ್ದ ನಾನು ಬಾಯಿಗೆ ಬಂದಂತೆ ಬೈಯಲು ಎದ್ದೆ. ಇಂದುಮತಿ ನನ್ನ ಕೈ ಅದುಮಿ ಕೂರಿಸಿ, ತಾನೇ ಬಾಗಿಲಿಗೆ ಹೋದಳು. ಮೊರವನ್ನು ಮುಟ್ಟಲಿಲ್ಲ.

"ಇದನ್ನ ನಿಮ್ಮ ತಂಗಿಗೆ ಕೊಡಿ ಸರ್" ಎಂದಳು. "ನಾನು ನಿಮ್ಮ ಸ್ಟೂಡೆಂಟ್ ಆಗಿದ್ದೆ, ಅಷ್ಟೆ."

ಬಾಗಿಲು ಹಾಕಿ ಬಂದು, ಅರಿಶಿನದ ಗೌರಿಯ ಮುಂದೆ ಕೂತು ಅರ್ಧಕ್ಕೆ ನಿಂತಿದ್ದ ಪೂಜೆ ಮುಂದುವರಿಸಿದಳು.