ಚಿಗವ್ವನ ಗುಂಡಿ

ಹೊಸ ಮೊಬೈಲಿನ ಡಬ್ಬಿ ತೆರೆದಾಗ ಬರುವ ವಾಸನೆಗೆ ನಮ್ಮಲ್ಲಿ ಇನ್ನೂ ಯಾರೂ ಹೆಸರಿಟ್ಟಿಲ್ಲ. ಅಂಟು, ಹೊಸ ರಟ್ಟು, ಯಾವುದೋ ದೂರದ ಕಾರ್ಖಾನೆಯ ತಣ್ಣನೆಯ ಗಾಳಿ, ಇವೆಲ್ಲ ಸೇರಿದ ಆ ವಾಸನೆ ಇವತ್ತು ಬೆಳಿಗ್ಗೆ ಗೋಕಾಕದ ನಮ್ಮ ಪಡಸಾಲೆಯಲ್ಲಿ ಹಬ್ಬಿತು. ಕೊರಿಯರಿನವನು ಇನ್ನೂ ಮೆಟ್ಟಿಲು ಇಳಿದಿರಲಿಲ್ಲ. ನಾನಾಗಲೇ ಮುಚ್ಚಳ ಎತ್ತಿ, ಡಬ್ಬಿಯನ್ನು ಮೂಗಿನ ಹತ್ತಿರ ಒಯ್ದು, ಕಣ್ಣು ಮುಚ್ಚಿದ್ದೆ. ತೆರೆದಾಗ ಹೆಂಡತಿ ಶೋಭಾ ಹಿಟ್ಟಿನ ಕೈಯಲ್ಲೇ ಎದುರಿಗೆ ನಿಂತಿದ್ದಳು.

"ಮತ್ತೊಂದೇನ್ರಿ?"

"ಇದು ಮಡಚತೈತಿ."

"ಹಾಸಿಗೀನೂ ಮಡಚತೈತಿ. ಎದ್ದಾಗಿಂದ ಅಲ್ಲೇ ಬಿದ್ದೈತಿ. ಅದನ್ನ ಯಾವಾಗ ಮಡಚ್ತೀರಿ?"

ನಾನು ಮೂಡಲಗಿಯ ಒಂದು ಕಾಲೇಜಿನಲ್ಲಿ ಕಂಪ್ಯೂಟರ್ ಕಲಿಸುತ್ತೇನೆ, ಉಳಿದ ಹೊತ್ತಿನಲ್ಲಿ ಮೊಬೈಲ್ ಆಪ್ ಕಟ್ಟುತ್ತೇನೆ. ಹೀಗೆಂದರೆ ಕೇಳುವವರಿಗೆ ನಾನೊಬ್ಬ ಕೆಲಸಗಾರನಂತೆ ತೋರಬಹುದು. ನಿಜ ಹೇಳಬೇಕೆಂದರೆ ನನ್ನದು ಕೆಲಸವಲ್ಲ, ಹುಚ್ಚು. ಹೊಸದೇನೇ ಬರಲಿ, ಅದು ನನ್ನ ಕೈಗೆ ಮೊದಲು ಬರಬೇಕು. ಒಮ್ಮೆ ಕ್ಯಾಮೆರಾ ಇರುವ ಕನ್ನಡಕ ತರಿಸಿದ್ದೆ. ಬಾಯಲ್ಲಿ ಹೇಳಿದರೆ ಸಾಕು, ಅದೇ ಚಿತ್ರ ತೆಗೆಯುತ್ತದೆ. ಮೂಡಲಗಿ ಬಸ್ಸಿನಲ್ಲಿ ಅದನ್ನು ಹಾಕಿಕೊಂಡು ಕುಳಿತು, ಒಂದು ಸಲ ಹೇಳಿದ್ದು ಅದಕ್ಕೆ ತಿಳಿಯದಿದ್ದಾಗ, ಗಟ್ಟಿಯಾಗಿ "ಫೋಟೋ ತೆಗಿ" ಎಂದೆ. ಪಕ್ಕದಲ್ಲಿ ಕಂಬಳಿ ಹೊದ್ದು ಕುಳಿತಿದ್ದ ಹಿರಿಯರು ಬೆಚ್ಚಿಬಿದ್ದು, ಜೇಬೆಲ್ಲ ತಡಕಾಡಿ, "ಫೋಟೋ ಇಲ್ರಿ ಸಾಹೇಬ್ರ, ಆಧಾರ ಕಾರ್ಡ ಐತಿ ನೋಡ್ರಿ, ನಡಿತೈತೇನು?" ಎಂದು ನನ್ನ ಕೈಗಿಟ್ಟರು. ನಾನು ಅದನ್ನು ಗಂಭೀರವಾಗಿ ಓದಿ, ಎಲ್ಲ ಸರಿಯಾಗಿದೆ ಎಂಬಂತೆ ತಲೆಯಾಡಿಸಿ ಹಿಂದಿರುಗಿಸಿದೆ. ಬೇರೆ ದಾರಿಯಿರಲಿಲ್ಲ.

ಸಾಮಾನಿನ ಹುಚ್ಚಾದರೂ ಮನೆಯ ಕಪಾಟು ತುಂಬುವಷ್ಟಕ್ಕೆ ಮುಗಿಯುತ್ತದೆ. ಆಪ್ ಕಟ್ಟುವ ಸಲಕರಣೆಗಳ ಹುಚ್ಚು ಹಾಗಲ್ಲ. ಕೆಲವು ತಿಂಗಳಿಗೊಮ್ಮೆ ಹೊಸದೊಂದು ಬರುತ್ತದೆ; ಹಿಂದಿನದರಲ್ಲಿ ನೀವು ಪಟ್ಟ ಕಷ್ಟವೆಲ್ಲ ವ್ಯರ್ಥ, ಇದರಲ್ಲಿ ಎಲ್ಲ ಸಲೀಸು ಎನ್ನುತ್ತದೆ. ನಾನು ನಂಬುತ್ತೇನೆ. ಹೊಸ ಉಳಿ ತಂದಾಗಲೆಲ್ಲ ಮನೆಯ ಗಟ್ಟಿಮುಟ್ಟಾದ ಬಾಗಿಲನ್ನು ಬಿಚ್ಚಿ ಮತ್ತೆ ಮಾಡುವ ಬಡಿಗನನ್ನು ನೀವು ಕಂಡಿದ್ದೀರಾ? ಇಲ್ಲವಾದರೆ ನನ್ನನ್ನು ನೋಡಿ. ನಾನು ಹಾಗೆ ಬಿಚ್ಚಿ ಬಿಚ್ಚಿ ಒಟ್ಟು ಐದು ಸಲ ಕಟ್ಟಿದ ಬಾಗಿಲೆಂದರೆ ನಮ್ಮ ಚಿಗವ್ವನ ಆಪ್.

ಚಿಗವ್ವ ನನ್ನ ತಾಯಿಯ ತಂಗಿ, ಹೆಸರು ಗಿರಿಜವ್ವ. ಮನೆ ಹುಕ್ಕೇರಿಯಲ್ಲಿ. ಹಿಂದೆ ಘಟಪ್ರಭಾದ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಆಪರೇಟರ್ ಆಗಿದ್ದವಳು. ಚಿಕ್ಕವನಿದ್ದಾಗ ಒಂದೆರಡು ಸಲ ಅಲ್ಲಿಗೆ ಹೋಗಿದ್ದೆ. ಗೋಡೆಯಷ್ಟು ದೊಡ್ಡ ಬೋರ್ಡು, ಅದರ ತುಂಬ ತೂತುಗಳು, ಕೆಳಗೆ ಸಾಲಾಗಿ ವೈರುಗಳು. ಚಿಗವ್ವ ನನ್ನ ಕಡೆ ತಿರುಗಿ ಮಾತಾಡುತ್ತಲೇ ಯಮಕನಮರಡಿಗೆ ಒಂದು, ದಡ್ಡಿ ಊರಿಗೆ ಒಂದು ಎಂದು ವೈರು ಚುಚ್ಚುತ್ತಿದ್ದಳು. ಬೋರ್ಡಿನ ಕಡೆ ನೋಡುತ್ತಲೇ ಇರಲಿಲ್ಲ. ನನಗೆ ಯಂತ್ರಗಳ ಹುಚ್ಚು ಹಿಡಿದದ್ದು ಅಲ್ಲೇ ಇರಬೇಕು. ಅವಳ ಬೆರಳಿನ ಶಿಸ್ತು ಮಾತ್ರ ಹಿಡಿಯಲಿಲ್ಲ.

ನಿವೃತ್ತಿಯಾದ ಮೇಲೆ ಚಿಗವ್ವನ ಕಣ್ಣಿನ ನರ ಸೊರಗುತ್ತ ಬಂತು. ಈಗ ಬೆಳಕು ಯಾವ ಕಡೆಯಿದೆ ಎಂಬುದಷ್ಟೇ ಗೊತ್ತಾಗುತ್ತದೆ. ಜೊತೆಗಿರುವವರು ಇಬ್ಬರು. ಒಬ್ಬರು ಗಂಡ ಬಾಳಪ್ಪ ಕಾಕಾ, ಸಕ್ಕರೆ ಕಾಯಿಲೆಯವರು, ಇನ್ಸುಲಿನ್ ಚುಚ್ಚಿಕೊಂಡು ಊಟ ಮರೆಯುವ ಅಭ್ಯಾಸದವರು. ಇನ್ನೊಬ್ಬಳು ಮಗಳು ಸುವರ್ಣಾ, ಯಮಕನಮರಡಿಯ ಸಾಲೆಯಲ್ಲಿ ಮಾಸ್ತರಿಣಿ. ಅವಳು ಬೆಳಿಗ್ಗೆ ಬಸ್ಸು ಹಿಡಿದರೆ ಬರುವುದು ಸಂಜೆಗೆ. ಹಗಲು ಹೊತ್ತಿನಲ್ಲಿ ಚಿಗವ್ವನಿಗೆ ಒಂದು ಫೋನು ಮಾಡಲು ಬರಬೇಕಲ್ಲ ಎಂದು ನಾನೇ ಮುಂದಾಗಿ ಆ ಆಪ್ ಕಟ್ಟಿದೆ. ಪರದೆಯ ನಾಲ್ಕು ಮೂಲೆಗೆ ನಾಲ್ಕು ದೊಡ್ಡ ಗುಂಡಿ. ಹೆಬ್ಬೆರಳಿಗೆ ಮೊದಲು ಸಿಗುವ ಬಲಗಡೆ ಕೆಳಗಿನದನ್ನು ಒತ್ತಿದರೆ ನೇರ ನನಗೆ ಫೋನು, ಎಡಗಡೆಯದನ್ನು ಒತ್ತಿದರೆ ಸುವರ್ಣಾಳಿಗೆ.

"ಮೊದಲನೇ ಗುಂಡಿಗೆ ನಿನ್ನ ಹೆಸರ ಯಾಕ, ನಂದ ಹಾಕು" ಎನ್ನುತ್ತಾಳೇನೋ ಎಂದುಕೊಂಡರೆ ಸುವರ್ಣಾ ಅಂದದ್ದೇ ಬೇರೆ: "ಪಾಠ ಮಾಡೂವಾಗ ನನ್ನ ಫೋನ ಚೀಲದಾಗಿರತೈತಿ. ದಿನಾಪೂರ್ತಿ ಮೊಬೈಲ ಕೈಯಾಗ ಹಿಡಕೊಂಡ ಕುಂತಿರೂ ಮನಷ್ಯಾ ನಮ್ಮ ಬಳಗದಾಗ ನೀ ಒಬ್ಬನ, ಅಣ್ಣಾ." ಅದನ್ನು ನಾನು ಹೊಗಳಿಕೆ ಎಂದೇ ತೆಗೆದುಕೊಂಡೆ.

ಚಿಗವ್ವ ಎರಡೇ ದಿನದಲ್ಲಿ ಕಲಿತಳು. ಅಲ್ಲಿಗೆ ನನ್ನ ಕೆಲಸ ಮುಗಿದಿತ್ತು. ಮುಗಿದ ಕೆಲಸ ಹಾಗೇ ಇರಲಿ ಎಂದು ಬಿಡಲು ನನಗೆ ಬರುವುದಿಲ್ಲ. ಎರಡನೆಯ ಸಲ ಗುಂಡಿಗಳ ಮೂಲೆ ದುಂಡಗಾದವು. ಮೂರನೆಯ ಸಲ ಕಣ್ಣು ಕಾಣದವಳ ಆಪಿಗೆ ಸೂರ್ಯಾಸ್ತದ ಬಣ್ಣ ಹಚ್ಚಿದೆ. ಹೌದು, ನೀವು ಸರಿಯಾಗಿಯೇ ಓದಿದಿರಿ. ನಾಲ್ಕನೆಯ ಸಲ ಒತ್ತಿದಾಗ ಬರುವ ಸಪ್ಪಳ ಬದಲಾಯಿತು.

"ದನಿ ಬ್ಯಾರೆ ಆಗೇತಲ್ಲೋ?" ಎಂದು ಚಿಗವ್ವ ಕೇಳಿದಳು.

"ಅಪ್‌ಡೇಟ್ ಚಿಗವ್ವಾ."

"ಯಾರಿಗೆ ಬೇಕಾಗಿತ್ತದು?"

ನಾನು ನಕ್ಕುಬಿಟ್ಟೆ. ಅದೊಂದು ಪ್ರಶ್ನೆ ಎಂದು ಹೊಳೆಯಲಿಲ್ಲ.

ಐದನೆಯದು ಕಳೆದ ವರ್ಷದ್ದು. ಬಾಯಲ್ಲಿ ಹೇಳಿದ್ದನ್ನು ಕೇಳಿ ತಾನೇ ಆಪ್ ಕಟ್ಟಿಕೊಡುವ ಹೊಸ ಸಲಕರಣೆ ಬಂದಿತ್ತು. ನನಗೆ ಒಂದು ವಾರ ಊಟ ರುಚಿಸಲಿಲ್ಲ. ನಮ್ಮ ಕಾಲೇಜಿನಲ್ಲಿ ಸುತ್ತಲಿನ ಊರುಗಳ ಮಾಸ್ತರರನ್ನು ಕರೆಸಿ ಒಂದು ಕಾರ್ಯಾಗಾರ ಇಟ್ಟೆವು. ಹೆಸರನ್ನು ನಾನೇ ಇಟ್ಟಿದ್ದೆ: "ಹತ್ತು ನಿಮಿಷದಲ್ಲಿ ಆಪ್". ಉದಾಹರಣೆಗೆ ಚಿಗವ್ವನ ಆಪನ್ನೇ ಆರಿಸಿಕೊಂಡೆ. ಕಣ್ಣು ಕಾಣದ ಹಿರಿಯಳು, ಅವಳಿಗೆ ನೆರವಾಗುವ ತಂತ್ರಜ್ಞಾನ. ಇದಕ್ಕೆ ಚಪ್ಪಾಳೆ ಬೀಳದೆ ಇರುತ್ತದೆಯೇ? ಹಿಂದಿನ ದಿನವೇ ನನ್ನ ದನಿಯಲ್ಲಿ ಸ್ವಾಗತದ ಮಾತುಗಳನ್ನು ಮುದ್ರಿಸಿಟ್ಟುಕೊಂಡಿದ್ದೆ. ವೇದಿಕೆಯ ಮೇಲೆ ಆ ಸಲಕರಣೆ, ಗುಂಡಿಗಳನ್ನು ಮೇಲಿನ ಪಟ್ಟಿಯೊಳಗೆ ಸೇರಿಸಲೇ, ಮೊದಲು ಪರಿಚಯದ ಪುಟಗಳಿರಲೇ ಎಂದು ಕೇಳುತ್ತ ಹೋಯಿತು. ನಾನು ಎಲ್ಲದಕ್ಕೂ ಹೂಂ ಎಂದೆ. ಕೊನೆಗೆ, "ನೋಡಿ, ಇದನ್ನು ಒತ್ತಿದರೆ ಈ ಕ್ಷಣವೇ ಹುಕ್ಕೇರಿಯಲ್ಲಿರುವ ನಮ್ಮ ಚಿಗವ್ವನ ಮೊಬೈಲಿನಲ್ಲಿ ಹೊಸ ಆಪ್!" ಎಂದು ಕೈ ಎತ್ತಿ ಒತ್ತಿದೆ. ಸಭೆ ಎದ್ದು ಚಪ್ಪಾಳೆ ತಟ್ಟಿತು.

ಒಂದು ತಾಸಿನ ಮೇಲೆ, ಶಾಲು ಹೊದೆಸಿಕೊಂಡು ಊಟಕ್ಕೆ ಕೂತಾಗ ಸುವರ್ಣಾಳ ಫೋನು ಬಂತು.

"ಸನ್ಮಾನ ಮುಗೀತೇನು ಅಣ್ಣಾ?" ಎಂದಳು. "ಅಪ್ಪಗ ಶುಗರ್ ಇಳಿದು ಬಿದ್ದಾರ. ಈಗ ದವಾಖಾನಿಯಾಗ ಅದಾರ. ಅವ್ವ ನಿನಗ ಫೋನ ಹಚ್ಚಿದ್ಲಂತ. ನೀ ಏನ ಮಾತಾಡಿದಿ ಅಕೀಗೆ?"

ನನಗೆ ಯಾವ ಫೋನೂ ಬಂದಿರಲಿಲ್ಲ. ಹಾಗೆನ್ನಲು ಬಾಯಿ ತೆರೆದೆ. ಆಗ ಹೊಳೆಯಿತು. ತಟ್ಟೆ ಬಿಟ್ಟು ಎದ್ದೆ.

ಬೈಕು ತೆಗೆದು ಘಟಪ್ರಭಾ ದಾಟಿ ಹುಕ್ಕೇರಿಯ ದಾರಿ ಹಿಡಿದೆ. ದಾರಿಯುದ್ದಕ್ಕೂ ಎರಡೂ ಕಡೆ ಕಬ್ಬಿತ್ತು ಎಂದು ಈಗ ಹೇಳಬಲ್ಲೆ, ಆಗ ಏನೂ ಕಂಡಿರಲಿಲ್ಲ. ಕೈಗಡಿಯಾರ ಮಾತ್ರ ಮೇಲಿಂದ ಮೇಲೆ ನಡುಗಿ, ಎದೆಬಡಿತ ಹೆಚ್ಚಾಗಿದೆ, ಸ್ವಲ್ಪ ಹೊತ್ತು ನಿಶ್ಚಿಂತೆಯಿಂದ ಉಸಿರಾಡಿ ಎಂದು ಬುದ್ಧಿ ಹೇಳುತ್ತಿತ್ತು. ಒಂದು ತಿರುವಿನಲ್ಲಿ ನಿಲ್ಲಿಸಿ ಅದನ್ನು ಬಿಚ್ಚಿ ಜೇಬಿಗೆ ಹಾಕಿಕೊಂಡೆ. ಹೆಗಲ ಮೇಲೆ ಶಾಲು ಇನ್ನೂ ಇದ್ದದ್ದು ಕಂಡದ್ದು ಆಗಲೇ.

ದವಾಖಾನೆಯಲ್ಲಿ ಕಾಕಾ ಎದ್ದು ಕೂತು ಇಡ್ಲಿ ತಿನ್ನುತ್ತಿದ್ದರು. ನನ್ನನ್ನು ಕಂಡು, "ಇವಗ ಯಾರ ಹೇಳಿದ್ರ? ಸುಮ್ಮನ ತ್ರಾಸ" ಎಂದರು. ಚಿಗವ್ವ ಬಾಜೂ ಸ್ಟೂಲಿನ ಮೇಲೆ ಕೂತಿದ್ದಳು. ನಾನು ಹೋಗಿ ಅವಳ ಕೈ ಹಿಡಿದೆ. ನಡೆದದ್ದನ್ನು ಅವಳೇ ಹೇಳಿದಳು, ಯಾರದೋ ಮನೆಯ ಸುದ್ದಿ ಹೇಳುವಂತೆ.

ಕಾಕಾ ಪಡಸಾಲೆಯಲ್ಲಿ ತೊದಲಿ, ಕುರ್ಚಿಯಿಂದ ಜಾರಿದ್ದರು. ಚಿಗವ್ವ ಮೊಬೈಲು ತೆಗೆದು ಬಲಗಡೆಯ ಕೆಳಮೂಲೆ ಒತ್ತಿದಳು. ಆ ಕಡೆಯಿಂದ ನನ್ನ ದನಿ ಕೇಳಿಸಿತು.

"ನೀ 'ನಮಸ್ಕಾರ ಚಿಗವ್ವಾ' ಅಂದಿ. ನಿನ್ನ ದನಿ ಕೇಳಿ ಜೀವಕ್ಕ ಸಮಾಧಾನ ಆತ ನೋಡು. ಕಾಕಾ ಬಿದ್ದಾರೋ, ಮಾತ ತೊದಲಾಕತ್ತೈತಿ, ಲಗೂನ ಯಾರಿಗಾರ ಹೇಳೋ ಅಂತ ಎಲ್ಲಾ ಹೇಳಿದ್ನಿ."

"ಆಮ್ಯಾಲ?"

"ಆಮ್ಯಾಲ ನೀ 'ಧನ್ಯವಾದ, ಮುಂದಿನ ಪುಟಕ್ಕೆ ಹೋಗೋಣ' ಅಂದಿ."

ಕಾಕಾ ಇಡ್ಲಿ ತಿನ್ನುವುದನ್ನು ನಿಲ್ಲಿಸಿದರು. ಸುವರ್ಣಾ ಕಿಟಕಿಯ ಕಡೆ ಮುಖ ತಿರುಗಿಸಿದಳು.

ಅದು ನಾನಲ್ಲ, ಬರೀ ಮುದ್ರಿಸಿಟ್ಟ ದನಿ ಎಂದು ಚಿಗವ್ವನಿಗೆ ಆಗ ತಿಳಿದಿತ್ತು. ಮೊಬೈಲನ್ನು ಅಲ್ಲೇ ಇಟ್ಟು, ಗೋಡೆ ಹಿಡಿದು ಅಡುಗೆಮನೆಗೆ ಹೋಗಿ, ಸಕ್ಕರೆ ಡಬ್ಬಿ ಹುಡುಕಿ ತಂದು, ಒದ್ದೆ ಬೆರಳಿಗೆ ಹಚ್ಚಿ ಕಾಕಾನ ದವಡೆಯೊಳಗೆ ಮತ್ತೆ ಮತ್ತೆ ಸವರಿದ್ದಳು. ಆಮೇಲೆ ಬಾಗಿಲಿಗೆ ಬಂದು ಎದುರುಮನೆಯ ಮಹಾದೇವಿಯನ್ನು ಕೂಗಿದ್ದಳು. ಮಹಾದೇವಿ ಆಟೋ ತಂದಳು, ಸುವರ್ಣಾಳ ಸಾಲೆಗೂ ಫೋನು ಮಾಡಿದಳು.

ಇಷ್ಟು ಕೇಳಿದ ಮೇಲೆ ಮನುಷ್ಯನಾದವನು ತಪ್ಪಾಯಿತು ಎನ್ನಬೇಕು. ನಾನು ಏನಂದೆ ಗೊತ್ತೇ? "ಚಿಗವ್ವಾ, ಖರೇ ಹೇಳಬೇಕಂದ್ರ ಹೊಸಾದು ಬಾಳ ಛಲೋ ಐತಿ. ಎರಡ ಪುಟ ದಾಟಿದ್ರ ಮ್ಯಾಲ ಒಂದ ಪಟ್ಟಿ..."

ಚಿಗವ್ವ ಮೊಬೈಲನ್ನು ನನ್ನ ಕೈಗಿತ್ತಳು. "ಕಣ್ಣ ಮುಚ್ಚು. ಸುವರ್ಣಾಗ ಫೋನ ಹಚ್ಚು."

ಮುಚ್ಚಿದೆ. ಮೂಲೆ ಒತ್ತಿದೆ. "ನಮಸ್ಕಾರ ಚಿಗವ್ವಾ! ನಿಮ್ಮ ಆಪ್ ಈಗ ಹೊಸ ರೂಪದಲ್ಲಿ!" ಎಂದಿತು ನನ್ನದೇ ದನಿ. ಎಷ್ಟು ಉಲ್ಲಾಸ, ಎಷ್ಟು ಹೆಮ್ಮೆ ಅದರಲ್ಲಿ! ನಮ್ಮ ಮನೆಯಲ್ಲಿ ಚಿಗವ್ವನಿಗೆ ಯಾರೂ 'ನಿಮ್ಮ' ಎನ್ನುವುದಿಲ್ಲ. ಬೆರಳು ಸರಿಸಿದೆ, ಪುಟ ಸರಿಯಲಿಲ್ಲ. ಮತ್ತೊಮ್ಮೆ ಸರಿಸಿದೆ, ಧನ್ಯವಾದ ಎಂದಿತು. ಮೇಲೆಲ್ಲ ತಡವಿದೆ, ಬ್ಯಾಟರಿ ಎಷ್ಟಿದೆ ಎಂದು ಹೇಳಿತು. ನಾನು ಕಟ್ಟಿದ ಆಪ್, ನನ್ನ ಕೈಯಲ್ಲಿ, ಮೂರಡಿ ದೂರದಲ್ಲಿದ್ದ ಸುವರ್ಣಾಳಿಗೆ ಒಂದು ಫೋನು ಹಚ್ಚಲಿಲ್ಲ. ಕಣ್ಣು ತೆರೆಯಲು ನಾಚಿಕೆಯಾಗಿ ಹಾಗೇ ಕೂತೆ.

"ತಪ್ಪಾತ ಚಿಗವ್ವಾ" ಎಂದೆ ಕೊನೆಗೆ.

"ಎಕ್ಸ್‌ಚೇಂಜಿನಾಗ ಹೊಸಾ ಬೋರ್ಡ ಬಂದಿತ್ತು" ಎಂದಳು ಚಿಗವ್ವ. "ನನಗೂ ಖುಷಿ ಆಗಿತ್ತಪ್ಪಾ, ಇಲ್ಲಂತಿಲ್ಲ. ಥಳಾಥಳಾ ಹೊಳಿತಿತ್ತು. ಆದರ ಹಳೀ ಬೋರ್ಡ ಕಿತ್ತಿರಲಿಲ್ಲ. ನಮ್ಮ ಕೈಗೆ ರೂಢಿ ಆಗೂತನಕಾ ಎರಡೂ ಬಾಜೂಬಾಜೂ ನಡಿತಿದ್ವು. ಆ ಕಡೆ ಲೈನ್ ಮ್ಯಾಲೆ ಹೆರಿಗಿ ಸುದ್ದಿ ಇರತಿದ್ವು, ಸಾವಿನ ಸುದ್ದಿ ಇರತಿದ್ವು. ಗುಂಡಿ ಸರಸೂ ಮುಂದ ಒಂದ ಮಾತ ಕೇಳಬೇಕೋ."

ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಇಪ್ಪತ್ತು ವರ್ಷದಿಂದ ಮಕ್ಕಳಿಗೆ ಕಂಪ್ಯೂಟರ್ ಕಲಿಸುವ ನಾನು ಈ ಪಾಠವನ್ನು ಯಾವ ಪುಸ್ತಕದಲ್ಲಿಯೂ ಗೆರೆ ಎಳೆದು ಓದಿರಲಿಲ್ಲ.

ಅಲ್ಲೇ ಕಾರಿಡಾರಿನ ಬೆಂಚಿನ ಮೇಲೆ ಕೂತು ಹಳೆಯ ಆಪನ್ನು ಮರಳಿ ಹಾಕಿದೆ. ಹತ್ತು ನಿಮಿಷದಲ್ಲಿ ಆಗಲಿಲ್ಲ, ಸಂಜೆಯಾಯಿತು. ಮರುದಿನ ಕಾರ್ಯಾಗಾರದ ಮಾಸ್ತರರ ವಾಟ್ಸಾಪ್ ಗುಂಪಿಗೆ ನಡೆದದ್ದನ್ನೆಲ್ಲ ಬರೆದು ಹಾಕಿದೆ. ಬರೆಯುವಾಗ ಕೈ ಹಿಂದೆಗೆಯಿತು, ನಿಜ. ಚಪ್ಪಾಳೆ ತಟ್ಟಿದವರಿಗೆ ಅದರ ಉಳಿದರ್ಧ ತಿಳಿಯಬೇಕಲ್ಲ. ಕೆಲವರು ಕೈ ಮುಗಿದ ಚಿತ್ರ ಹಾಕಿದರು. ಒಬ್ಬರು ಮಾತ್ರ, "ಕಾಕಾ ಹ್ಯಾಂಗದಾರ್ರಿ ಈಗ?" ಎಂದು ಕೇಳಿದರು.

ಹುಚ್ಚು ಬಿಟ್ಟಿತೇ ಎಂದರೆ, ಬಿಟ್ಟಿಲ್ಲ. ಸುಳ್ಳು ಹೇಳಿ ಏನು ಮಾಡಲಿ? ಆದರೆ ಈಗ ಯಾರಿಗಾಗಿ ಏನನ್ನೇ ಕಟ್ಟಿದರೂ ಭಾನುವಾರ ಹುಕ್ಕೇರಿಗೆ ಒಯ್ಯುತ್ತೇನೆ. ಚಿಗವ್ವ ಮೊಬೈಲನ್ನು ತೊಡೆಯ ಮೇಲಿಟ್ಟುಕೊಂಡು ಬೆರಳಾಡಿಸುತ್ತಾಳೆ, ನಾನು ಪರೀಕ್ಷೆಗೆ ಕೂತವನಂತೆ ಎದುರಿಗಿರುತ್ತೇನೆ. ಮೂರಕ್ಕೆ ಎರಡು ಸಲ ನಾಪಾಸು. ಚಹಾ ಕೊಟ್ಟು ಕಳಿಸುತ್ತಾಳೆ.

ಅವಳ ಫೋನು ವಾರಕ್ಕೆರಡು ಸಲ ಬರುತ್ತದೆ, ಅದೇ ಹಳೆಯ ಮೂಲೆಯಿಂದ. ಆದರೆ ನಾನು "ಹಲೋ ಚಿಗವ್ವಾ" ಎಂದ ಕೂಡಲೇ ಅವಳು ಮಾತು ಶುರುಮಾಡುವುದಿಲ್ಲ. ಮೊದಲ ಕೆಲವು ಸಲ ಯಾಕೆಂದು ನನಗೆ ತಿಳಿಯಲಿಲ್ಲ. ಸುದ್ದಿ ಹೇಳುವ ಮುಂಚೆ, "ಇವತ್ತ ಊಟಕ್ಕೇನ ಮಾಡ್ಯಾಳ ಶೋಭಾ?" ಎಂದು ಕೇಳುತ್ತಾಳೆ. ಇವತ್ತು ಮಧ್ಯಾಹ್ನವೂ ಕೇಳಿದಳು.

"ರೊಟ್ಟಿ, ಬದನಿಕಾಯಿ ಪಲ್ಯ, ಚಿಗವ್ವಾ" ಎಂದೆ. "ಪಲ್ಯ ಚೂರ ಖಾರ ಆಗೇತಿ."

"ಹಾಂ, ನೀನ ಅದಿ" ಎಂದು, ಆಮೇಲೆ ಕಾಕಾನ ಸುದ್ದಿ ಹೇಳತೊಡಗಿದಳು.